ಕಿತ್ತಳೆ ಊರಿನ ಮಂದ್ರಸ್ವರ

ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೋದ ನಮ್ಮವರು ಡಿಸ್ನಿಲ್ಯಾಂಡ್ ನೋಡದೆ ಹಿಂದಿರುಗುವುದು ಅಪರೂಪ. ಆ ಡಿಸ್ನಿಲ್ಯಾಂಡಿನ ಮುಂದೆ ಹಾದುಹೋಗುವ ಅಗಲವಾದ ರಸ್ತೆಗೆ ಹಾರ್ಬರ್ ಬುಲೆವಾರ್ಡ್ ಎಂದು ಹೆಸರು. ಅದೇ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಹತ್ತು ಕಿಲೋಮೀಟರ್ ಆಗುವ ಮೊದಲೇ ಫುಲರ್ಟನ್ ಎಂಬ ಊರು ಸಿಗುತ್ತದೆ. ಪ್ರವಾಸಿಗಳ ಪಟ್ಟಿಯಲ್ಲಿ ಈ ಊರಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ನಮ್ಮ ಬೀದಿಯ ಗಣೇಶೋತ್ಸವದ ರಸಮಂಜರಿಯಲ್ಲಿ, ಸಿನಿಮಾ ಹಾಡುಗಳಲ್ಲಿ, ಕಾಲೇಜು ವಾರ್ಷಿಕೋತ್ಸವದ ವೇದಿಕೆಯಲ್ಲಿ ಎದೆಗೇ ಬಂದು ತಟ್ಟುವ ಒಂದು ತಗ್ಗು ದನಿ ಇರುತ್ತದಲ್ಲ, ಆ ದನಿಯ ವಾದ್ಯವಾದ ಬೇಸ್ ಗಿಟಾರ್ ತನ್ನ ಇಂದಿನ ರೂಪ ಪಡೆದದ್ದು ಈ ಊರಿನಲ್ಲಿ.

2023ರ ಬೇಸಿಗೆ ರಜೆಯಲ್ಲಿ ಆ ಕಡೆ ನೆಲೆಸಿರುವ ನನ್ನ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣನ ಮಗ ಎಂಜಿನಿಯರಿಂಗ್ ಓದುತ್ತಾನೆ. ವಾರದ ಕೊನೆಯಲ್ಲಿ ನಾಲ್ಕು ಹುಡುಗರ ಬ್ಯಾಂಡ್‌ನಲ್ಲಿ ಬೇಸ್ ನುಡಿಸುತ್ತಾನೆ. ಕಾಲೇಜಿನ ಗ್ರಂಥಾಲಯದಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಹಳೆಯ ಬೇಸ್ ಗಿಟಾರ್ ಒಂದನ್ನು ಕೊಳ್ಳಬೇಕೆಂದು ಹೊರಟಿದ್ದ. ಅಣ್ಣನಿಗೆ ಅದೇ ಚಿಂತೆ. ‘ವಿಜ್ಞಾನದ ಮೇಷ್ಟ್ರು ನೀನು, ನೀನಾದರೂ ಅವನಿಗೆ ಸ್ವಲ್ಪ ಬುದ್ಧಿ ಹೇಳು’ ಎಂದ. ಹುಡುಗ ನಕ್ಕು, ‘ಚಿಕ್ಕಪ್ಪ, ಬುದ್ಧಿ ಹೇಳೋದಕ್ಕೆ ಮುಂಚೆ ಒಂದು ಊರು ನೋಡ್ಕೊಂಡು ಬರೋಣ ಬನ್ನಿ’ ಎಂದು ಕಾರು ಹತ್ತಿಸಿದ.

ರೇಡಿಯೋ ರಿಪೇರಿಯವನ ಕಿವಿ

ಫುಲರ್ಟನ್ ಒಂದು ಕಾಲಕ್ಕೆ ಕಿತ್ತಳೆ ತೋಟಗಳ ಊರು. ಈ ಜಿಲ್ಲೆಗೆ ಆರೆಂಜ್ ಕೌಂಟಿ ಎಂದೇ ಹೆಸರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿನ ವೆಲೆನ್ಸಿಯಾ ಕಿತ್ತಳೆ ಪೆಟ್ಟಿಗೆಗಳಲ್ಲಿ ತುಂಬಿ ರೈಲು ಹತ್ತಿ ದೂರದೂರಕ್ಕೆ ಹೋಗುತ್ತಿತ್ತು. ಈಗ ತೋಟಗಳ ಜಾಗದಲ್ಲಿ ಮನೆಗಳಿವೆ, ವಿಶ್ವವಿದ್ಯಾಲಯವಿದೆ. 1930ರ ಸಾಂಟಾ ಫೆ ರೈಲು ನಿಲ್ದಾಣ ಮಾತ್ರ ಹಾಗೆಯೇ ನಿಂತಿದೆ. ನಾವು ಹೋದಾಗ ಬೀದಿಯ ಬದಿಯಲ್ಲಿ ಜಕರಂದಾ ಮರಗಳು ನೇರಳೆ ಹೂ ಉದುರಿಸುತ್ತಿದ್ದವು. ಒಂದು ಕ್ಷಣ ಬೆಂಗಳೂರಿನ ನೆನಪಾಯಿತು.

ಲಿಯೋ ಫೆಂಡರ್ 1909ರಲ್ಲಿ ಹುಟ್ಟಿದ್ದು ಇದೇ ಪರಿಸರದ ಒಂದು ಕೃಷಿಕ ಕುಟುಂಬದಲ್ಲಿ. ಬಾಲ್ಯದಲ್ಲೇ ಒಂದು ಕಣ್ಣು ಹೋಯಿತು. ಓದಿದ್ದು ಲೆಕ್ಕಪತ್ರ ವಿದ್ಯೆ, ಹುಚ್ಚು ಮಾತ್ರ ರೇಡಿಯೋದ್ದು. ಆರ್ಥಿಕ ಕುಸಿತದ ಕಾಲದಲ್ಲಿ ನೌಕರಿ ಕಳೆದುಕೊಂಡು, 1938ರಲ್ಲಿ ಇಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಇಂದಿನ ಹಾರ್ಬರ್ ಬುಲೆವಾರ್ಡ್‌ಗೆ ಆಗ ಸ್ಪ್ಯಾಡ್ರಾ ರಸ್ತೆ ಎಂದು ಹೆಸರು. ಅಂಗಡಿ ಇದ್ದದ್ದು ಅದೇ ರಸ್ತೆಯಲ್ಲಿ.

ಸ್ವಾರಸ್ಯದ ಸಂಗತಿಯೆಂದರೆ, ಜಗತ್ತಿನ ಗಿಟಾರ್‌ಗಳ ಚರಿತ್ರೆಯನ್ನೇ ಬದಲಿಸಿದ ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಅಂಗಡಿಗೆ ಊರೂರು ತಿರುಗಿ ನುಡಿಸುವ ವಾದ್ಯಗಾರರು ಕೆಟ್ಟ ಆಂಪ್ಲಿಫೈಯರ್, ಮುರಿದ ಗಿಟಾರ್ ತರುತ್ತಿದ್ದರು. ಅವರು ಏನು ದೂರುತ್ತಾರೆ ಎಂಬುದನ್ನು ಫೆಂಡರ್ ಗಮನವಿಟ್ಟು ಕೇಳುತ್ತಿದ್ದರು. ತಾವು ಮಾಡಿದ ಹೊಸ ಮಾದರಿಯನ್ನು ಅವರ ಕೈಗೇ ಕೊಟ್ಟು ಕಳಿಸಿ, ಮತ್ತೆ ಅವರ ದೂರು ಕೇಳಿ ತಿದ್ದುತ್ತಿದ್ದರು. ಊರಿನ ಫುಲರ್ಟನ್ ಮ್ಯೂಸಿಯಂ ಸೆಂಟರ್‌ನಲ್ಲಿ ಅವರ ಹೆಸರಿನ ಒಂದು ಗ್ಯಾಲರಿ ಇದೆ. ಅಲ್ಲಿ ನಿಂತಾಗ ನನಗೆ ಅನ್ನಿಸಿದ್ದು, ಇದು ಸಂಗೀತಗಾರನ ಸ್ಮಾರಕವಲ್ಲ, ಒಬ್ಬ ಒಳ್ಳೆಯ ಕೇಳುಗನ ಸ್ಮಾರಕ ಎಂದು.

ಕಾರಿನ ಮೇಲಿನ ಆನೆ

ಆ ವಾದ್ಯಗಾರರ ದೂರುಗಳಲ್ಲಿ ದೊಡ್ಡದು ಡಬಲ್ ಬೇಸ್‌ನ ಕುರಿತಾದದ್ದು. ಇದು ಪಿಟೀಲಿನ ವಂಶದ ದೊಡ್ಡಪ್ಪ. ಆಳೆತ್ತರದ ವಾದ್ಯ. ಇದನ್ನು ಕಾರಿನ ಮೇಲೆ ಕಟ್ಟಿಕೊಂಡು ಊರಿಂದೂರಿಗೆ ಹೋಗಬೇಕು. ಹೋದ ಮೇಲಾದರೂ ಕೇಳಿಸುತ್ತದೆಯೇ? ಡ್ರಮ್ಮು, ವಿದ್ಯುತ್ ಗಿಟಾರ್‌ಗಳ ನಡುವೆ ಅದರ ದನಿ ಮುಳುಗಿಹೋಗುತ್ತಿತ್ತು. ಮೇಲಾಗಿ ಅದಕ್ಕೆ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಜರುಗಿದರೂ ಅಪಸ್ವರ.

1930ರ ದಶಕದಲ್ಲೇ ಸಿಯಾಟಲ್ ನಗರದ ಪಾಲ್ ಟುಟ್‌ಮಾರ್ಕ್ ಎಂಬವರು ಮೆಟ್ಟಿಲುಗಳಿರುವ ವಿದ್ಯುತ್ ಬೇಸ್ ಮಾಡಿದ್ದರು. ಆದರೆ ಅದು ಹೆಚ್ಚು ಪ್ರಚಾರಕ್ಕೆ ಬರಲಿಲ್ಲ. 1951ರಲ್ಲಿ ಫೆಂಡರ್ ಕಂಪನಿ ಹೊರತಂದ ಬೇಸ್ ಗೆದ್ದಿತು. ಹೆಸರು ‘ಪ್ರಿಸಿಷನ್ ಬೇಸ್’. ಪ್ರಿಸಿಷನ್ ಎಂದರೆ ಕರಾರುವಾಕ್ಕು. ಮೆಟ್ಟಿಲುಗಳಿದ್ದುದರಿಂದ ಬೆರಳಿಟ್ಟ ಕಡೆ ಸರಿಯಾದ ಸ್ವರ ಸಿಗುತ್ತದೆ ಎಂಬುದೇ ಆ ಹೆಸರಿನ ಅರ್ಥ. ಹೆಗಲಿಗೆ ನೇತುಹಾಕಿಕೊಂಡು ಬಸ್ ಹತ್ತಬಹುದಾದ ವಾದ್ಯ. ಕಾರಿನ ಮೇಲಿನ ಆನೆ ಕೆಳಗಿಳಿಯಿತು.

ಸೋನೋಮೀಟರ್ ನೆನಪಿದೆಯೇ?

ಪಿಯುಸಿ ಪ್ರಯೋಗಾಲಯದಲ್ಲಿ ಸೋನೋಮೀಟರ್ ಬಳಸಿದ ವಿದ್ಯಾರ್ಥಿಗಳಿಗೆ ಇಲ್ಲಿನ ವಿಜ್ಞಾನ ಹೊಸದಲ್ಲ. ತಂತಿಯಿಂದ ತಗ್ಗು ಸ್ವರ ಬೇಕಾದರೆ ಮೂರು ದಾರಿ: ತಂತಿಯನ್ನು ಉದ್ದ ಮಾಡಬೇಕು, ಸಡಿಲಿಸಬೇಕು, ಇಲ್ಲವೇ ತೂಕ ಹೆಚ್ಚಿಸಬೇಕು. ತೀರ ಸಡಿಲಿಸಿದರೆ ತಂತಿ ಜೋತುಬಿದ್ದು ಬಡಿಯುತ್ತದೆ. ತೀರ ಉದ್ದ ಮಾಡಿದರೆ ಮತ್ತೆ ಆನೆಯೇ. ಸಾಮಾನ್ಯ ವಿದ್ಯುತ್ ಗಿಟಾರ್‌ನಲ್ಲಿ ಕಂಪಿಸುವ ತಂತಿಯ ಉದ್ದ ಸುಮಾರು 65 ಸೆಂಟಿಮೀಟರ್, ಡಬಲ್ ಬೇಸ್‌ನಲ್ಲಿ ಒಂದು ಮೀಟರಿಗೂ ಹೆಚ್ಚು. ಫೆಂಡರ್ ಆರಿಸಿಕೊಂಡದ್ದು ನಡುವಿನ ದಾರಿ: 34 ಅಂಗುಲ, ಅಂದರೆ ಸುಮಾರು 86 ಸೆಂಟಿಮೀಟರ್. ಉಳಿದ ಕೆಲಸವನ್ನು ತೂಕದ ತಂತಿ ಮಾಡುತ್ತದೆ. ಉಕ್ಕಿನ ತಂತಿಯ ಸುತ್ತ ಇನ್ನೊಂದು ತಂತಿ ಸುತ್ತಿದರೆ ಬಾಗುವ ಗುಣವೂ ಉಳಿಯುತ್ತದೆ, ತೂಕವೂ ಬರುತ್ತದೆ. ನಾಲ್ಕು ತಂತಿಗಳ ಆವೃತ್ತಿ ಕ್ರಮವಾಗಿ 41.2, 55, 73.4 ಮತ್ತು 98 ಹರ್ಟ್ಸ್.

ಮೆಟ್ಟಿಲುಗಳ ಲೆಕ್ಕ ಇನ್ನೂ ಚೆಂದ. ಉಳಿದಿರುವ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ಜಾಗ ಸಿಗುತ್ತದೆ. ಮೊದಲ ಮೆಟ್ಟಿಲಿಗೆ 48.5 ಮಿಲಿಮೀಟರ್, ಎರಡನೆಯದಕ್ಕೆ ಅಲ್ಲಿಂದ 45.8, ಹೀಗೆ ಇಳಿಯುತ್ತ ಹೋಗಿ ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಸ್ವರ ಮೇಲಿನ ಸ್ಥಾಯಿಯದು. ನಮ್ಮ ವೀಣೆಯಲ್ಲಿ ಕುಶಲಿಗಳು ಮೇಣದ ಮೇಲೆ ಮೆಟ್ಟಿಲುಗಳನ್ನು ಕಿವಿಯಿಂದಲೇ ಕೂರಿಸುತ್ತಾರೆ. ಇಲ್ಲಿ ಅದೇ ಕೆಲಸವನ್ನು ಗಣಿತ ಮಾಡಿದೆ.

ತಂತಿಯ ಕೆಳಗೆ ಕೂರುವ ಪಿಕಪ್ ಎಂಬುದು ಮೈಕೆಲ್ ಫ್ಯಾರಡೆಯ 1831ರ ಪ್ರಯೋಗವೇ. ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಆದರೆ ಒಂದು ಪೀಡೆ ಇದೆ. ಗೋಡೆಯೊಳಗಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಸುರುಳಿ ಹಿಡಿಯುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಎರಡೂ ಬೇಸ್‌ನ ತಗ್ಗು ಸ್ವರಗಳ ನಡುವೆಯೇ ಬಂದು ಕೂರುತ್ತವೆ! 1957ರಲ್ಲಿ ಫೆಂಡರ್ ಪಿಕಪ್ಪನ್ನು ಎರಡು ತುಂಡು ಮಾಡಿದರು. ಒಂದರ ಅಯಸ್ಕಾಂತ ಮತ್ತು ಸುತ್ತು ಎರಡನ್ನೂ ಇನ್ನೊಂದಕ್ಕೆ ತಿರುಗುಮುರುಗು ಮಾಡಿದರು. ಆಗ ಹೊರಗಿನಿಂದ ಬಂದ ಗುಂಯ್ ಶಬ್ದ ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣವಾಗಿ ಅಳಿಸಿಹೋಗುತ್ತದೆ. ತಂತಿಯ ಸ್ವರ ಮಾತ್ರ ಉಳಿಯುತ್ತದೆ. ಬೀಜಗಣಿತದಿಂದ ಏನು ಪ್ರಯೋಜನ ಎಂದು ಕೇಳುವ ಮಕ್ಕಳಿಗೆ ಈ ಉದಾಹರಣೆ ಕೊಡಬಹುದು.

ಒಂದೇ ವರ್ಷದ ಎರಡು ವಾದ್ಯ

ಈ ಊರಿನ ಕಾರ್ಖಾನೆಯಿಂದ ಸರಿಸುಮಾರು 1962ರಲ್ಲಿ ಹೊರಬಿದ್ದ ಸಾವಿರಾರು ವಾದ್ಯಗಳಲ್ಲಿ ಎರಡರ ಕತೆಯನ್ನು ನಮ್ಮ ಹುಡುಗ ಹೇಳಿದ. ಎರಡೂ ಬೇಸ್ ನುಡಿಸುವವರ ಪಾಲಿಗೆ ಪುರಾಣದಂತಾಗಿವೆ.

ಒಂದು ಡೆಟ್ರಾಯಿಟ್ ನಗರಕ್ಕೆ ಹೋಯಿತು. ಅಲ್ಲಿನ ಮೋಟೌನ್ ಸಂಸ್ಥೆಯ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಎಂಬ ಕಲಾವಿದ ಆ ಪ್ರಿಸಿಷನ್ ಬೇಸನ್ನು ನುಡಿಸುತ್ತಿದ್ದರು. ಬಲಗೈಯ ತೋರುಬೆರಳೊಂದರಿಂದಲೇ ಮೀಟುವುದು ಅವರ ಕ್ರಮ. ದಪ್ಪನೆಯ, ನುಣುಪು ಸುತ್ತಿನ ತಂತಿಗಳು. ತುಂಡಾಗುವವರೆಗೆ ಅವನ್ನು ಬದಲಿಸುತ್ತಿರಲಿಲ್ಲ. ಹಳೆಯ ತಂತಿಯ ಮಂದ ನಾದವೇ ಅವರಿಗೆ ಬೇಕಾಗಿತ್ತು. ಅಮೆರಿಕ ಕುಣಿದ ಎಷ್ಟೋ ಹಾಡುಗಳ ತಳಪಾಯ ಆ ಬೆರಳು.

ಇನ್ನೊಂದು, ಫೆಂಡರ್ 1960ರಲ್ಲಿ ಹೊರತಂದ ‘ಜಾಝ್ ಬೇಸ್’ ಎಂಬ ಮಾದರಿ. ಅದು ಫ್ಲಾರಿಡಾದಲ್ಲಿ ಬೆಳೆದ ಜಾಕೋ ಪಾಸ್ಟೋರಿಯಸ್ ಕೈಸೇರಿತು. ಜಾಕೋಗೆ ಡಬಲ್ ಬೇಸ್‌ನ ಜಾರುವ ಸ್ವರ ಬೇಕಿತ್ತು, ವಿದ್ಯುತ್ ವಾದ್ಯದ ಗಟ್ಟಿತನವೂ ಬೇಕಿತ್ತು. ಅದಕ್ಕಾಗಿ ಮೆಟ್ಟಿಲುಗಳನ್ನೇ ಕಿತ್ತುಹಾಕಿ, ಸೀಳುಗಳನ್ನು ತುಂಬಿ, ದೋಣಿಗಳಿಗೆ ಬಳಿಯುವ ಗಟ್ಟಿ ಎಪಾಕ್ಸಿಯನ್ನು ಮೇಲೆ ಹಚ್ಚಿದರು ಎಂದು ಹೇಳುತ್ತಾರೆ. ವೀಣೆಯನ್ನು ಗೋಟುವಾದ್ಯ ಮಾಡಿದಂತೆ! 1976ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆ ಬೇಸ್ ಗಿಟಾರ್ ಹಾಡಬಲ್ಲದು ಎಂದು ತೋರಿಸಿತು.

ಒಬ್ಬರು ಏನನ್ನೂ ಬದಲಿಸಲಿಲ್ಲ. ಇನ್ನೊಬ್ಬರು ವಾದ್ಯದ ಮೆಟ್ಟಿಲನ್ನೇ ಬಿಡಲಿಲ್ಲ. ಯಾರು ಸರಿ? ಇಬ್ಬರೂ. ತಮಗೆ ಬೇಕಾದ ನಾದ ಯಾವುದು ಎಂಬುದು ಇಬ್ಬರ ಕಿವಿಗೂ ಮೊದಲೇ ಗೊತ್ತಿತ್ತು. ಕೈ ಆಮೇಲೆ ಕೆಲಸ ಮಾಡಿತು.

ಹಳೆಯ ವಾದ್ಯ ಕೊಳ್ಳುವ ಕ್ರಮ

ಅಲ್ಲಿಂದ ಸಮೀಪದ ಒಂದು ಹಳೆಯ ವಾದ್ಯಗಳ ಅಂಗಡಿಗೆ ಹೋದೆವು. ಹುಡುಗ ಬಣ್ಣ ನೋಡುತ್ತಾನೆ ಎಂದುಕೊಂಡಿದ್ದೆ. ಅವನು ಮೊದಲು ನೋಡಿದ್ದು ಕತ್ತನ್ನು. ನಾಲ್ಕು ತಂತಿಗಳ ಎಳೆತ ಸೇರಿದರೆ ಎಪ್ಪತ್ತು ಎಂಬತ್ತು ಕಿಲೋ ತೂಕದಷ್ಟಾಗುತ್ತದೆ. ಅಂದರೆ ಒಬ್ಬ ಆಳು ಹಗಲು ರಾತ್ರಿ ಆ ಮರಕ್ಕೆ ಜೋತುಬಿದ್ದಂತೆ. ಅದನ್ನು ತಡೆಯಲು ಕತ್ತಿನ ಒಳಗೆ ಉಕ್ಕಿನ ಸರಳು ಇರುತ್ತದೆ. ಅದರ ತಿರುಪು ತಿರುಗುತ್ತದೆಯೇ, ಕತ್ತು ತಿರುಚಿಕೊಂಡಿದೆಯೇ ಎಂದು ಪರೀಕ್ಷಿಸಿದ.

ಎರಡನೆಯದು, ತಂತಿಯನ್ನು ಪ್ರತಿಯೊಂದು ಮೆಟ್ಟಿಲಿನಲ್ಲೂ ಒತ್ತಿ ನುಡಿಸಿ, ಎಲ್ಲಾದರೂ ಜರ್ ಎನ್ನುತ್ತದೆಯೇ ಎಂದು ಕೇಳಿದ. ಮೂರನೆಯದು, ಪಟ್ಟಿ ಹಾಕಿಕೊಂಡು ಹತ್ತು ನಿಮಿಷ ನಿಂತ. ‘ಕೂತಾಗ ಎಲ್ಲಾ ಚೆನ್ನಾಗೇ ಇರುತ್ತೆ ಚಿಕ್ಕಪ್ಪ, ಕಾರ್ಯಕ್ರಮದಲ್ಲಿ ಎರಡು ಗಂಟೆ ನಿಲ್ಲಬೇಕಲ್ಲ’ ಎಂದ. ನಾಲ್ಕು ಕಿಲೋ ತೂಕ, ಅದರ ಮೇಲೆ ಕೆಲವು ವಾದ್ಯಗಳ ತಲೆ ಕೆಳಕ್ಕೆ ಬಾಗುತ್ತದೆ, ಎಡಗೈ ಅದನ್ನು ಹೊತ್ತು ಸೋಲುತ್ತದೆ. ಇಷ್ಟಾದ ಮೇಲೆಯೇ ಆಂಪ್ಲಿಫೈಯರ್‌ಗೆ ಜೋಡಿಸಿದ್ದು. ಕೊನೆಗೆ ಮೆಕ್ಸಿಕೋದಲ್ಲಿ ತಯಾರಾದ, ಅಲ್ಲಲ್ಲಿ ಬಣ್ಣ ಎದ್ದ ಒಂದು ಪ್ರಿಸಿಷನ್ ಬೇಸನ್ನು 450 ಡಾಲರ್‌ಗೆ ಕೊಂಡ. ನಮ್ಮ ಲೆಕ್ಕದಲ್ಲಿ ಸುಮಾರು 37 ಸಾವಿರ ರೂಪಾಯಿ. ಅಣ್ಣ ಆ ರಾತ್ರಿ ಊಟಕ್ಕೆ ಕುಳಿತಾಗ ಮಾತೇ ಆಡಲಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಮಾರನೆಯ ದಿನದಿಂದ ಗ್ಯಾರೇಜ್ ಒಂದು ಪ್ರಯೋಗಾಲಯವಾಯಿತು. ವಾದ್ಯದ ಪಕ್ಕ ಒಂದು ನೋಟ್‌ಬುಕ್. ಅದರಲ್ಲಿ ದಿನಾಂಕ, ಮಾಡಿದ ಬದಲಾವಣೆ, ಕೇಳಿದ ವ್ಯತ್ಯಾಸ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂಬುದು ಅವನ ನಿಯಮ. ಮೂವತ್ತು ವರ್ಷದಿಂದ ನಾನು ತರಗತಿಯಲ್ಲಿ ಹೇಳುತ್ತ ಬಂದಿರುವುದೂ ಇದನ್ನೇ!

ಮೊದಲು ಹೊಸ ತಂತಿ. ತಂತಿ ಬದಲಿಸುವುದೇ ಅತ್ಯಂತ ಅಗ್ಗದ, ಅತ್ಯಂತ ದೊಡ್ಡ ಮಾರ್ಪಾಡು. ಒರಟು ಸುತ್ತಿನ ತಂತಿ ಲೋಹದಂತೆ ಖಣಖಣಿಸುತ್ತದೆ, ನುಣುಪು ಸುತ್ತಿನದು ಮರದಂತೆ ಮೃದುವಾಗಿ ನುಡಿಯುತ್ತದೆ. ಆಮೇಲೆ ಕತ್ತಿನ ಸರಳಿಗೆ ಕಾಲು ಸುತ್ತು, ಒಂದು ದಿನ ಬಿಟ್ಟು ಮತ್ತೆ ಪರೀಕ್ಷೆ, ಏಕೆಂದರೆ ಮರ ನಿಧಾನವಾಗಿ ಬಾಗುತ್ತದೆ. ಅನಂತರ ಕುದುರೆಯ ತಿರುಪುಗಳು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಬೆರಳನ್ನು ಬರಿದೇ ತಾಗಿಸಿ ನುಡಿಸಿದ ಸ್ವರಕ್ಕೂ, ಒತ್ತಿ ನುಡಿಸಿದ ಸ್ವರಕ್ಕೂ ವ್ಯತ್ಯಾಸವಿದ್ದರೆ ಕುದುರೆಯನ್ನು ಹಿಂದೆ ಮುಂದೆ ಸರಿಸಬೇಕು. ಗರಗರ ಎನ್ನುತ್ತಿದ್ದ ದನಿಯ ಗುಂಡಿಯನ್ನು ಬಿಚ್ಚಿ ಹೊಸದನ್ನು ಬೆಸುಗೆ ಹಾಕಿದ. ಒಳಗಿನ ಟೊಳ್ಳಿಗೆ ತಾಮ್ರದ ತಗಡು ಅಂಟಿಸಿ ಅರ್ಥಿಂಗ್ ಕೊಟ್ಟ. ಹೊರಗಿನ ಗದ್ದಲ ಒಳಬರದಂತೆ ಕಟ್ಟಿದ ಬೇಲಿ ಅದು.

‘ಪಿಕಪ್ ಬದಲಿಸೋದಿಲ್ವಾ?’ ಎಂದು ಕೇಳಿದೆ. ‘ಆರು ತಿಂಗಳು ಇದನ್ನೇ ನುಡಿಸಿ ನೋಡ್ತೀನಿ. ಕೊರತೆ ವಾದ್ಯದ್ದೋ ನನ್ನ ಬೆರಳಿನದೋ ಗೊತ್ತಾಗಬೇಕಲ್ಲ’ ಎಂದ.

ಶನಿವಾರದ ರಾತ್ರಿ

ಆ ಶನಿವಾರ ಫುಲರ್ಟನ್‌ನ ಒಂದು ಚಿಕ್ಕ ಉಪಾಹಾರ ಗೃಹದಲ್ಲಿ ಅವರ ಗಿಗ್ ಇತ್ತು. ಗಿಗ್ ಎಂದರೆ ಒಂದು ರಾತ್ರಿಯ ಸಂಭಾವನೆಗೆ ಒಪ್ಪಿಕೊಂಡ ಕಾರ್ಯಕ್ರಮ. ಎಂಟು ಗಂಟೆಯ ಕಾರ್ಯಕ್ರಮಕ್ಕೆ ಐದೂವರೆಗೇ ಹಾಜರಿ. ಹುಡುಗನ ಚೀಲದಲ್ಲಿ ಎರಡು ವೈರು, ಒಂದು ಜೊತೆ ತಂತಿ, ಫ್ಯೂಸು, ತಿರುಪುಳಿ. ‘ರಾತ್ರಿ ಒಂಬತ್ತಕ್ಕೆ ಯಾವ ಅಂಗಡೀನೂ ತೆಗೆದಿರೋಲ್ಲ’ ಎಂದ.

ಆಂಪ್ಲಿಫೈಯರ್ ಅನ್ನು ಮೂಲೆಯಲ್ಲಿಟ್ಟಾಗ ಇಡೀ ಕೋಣೆ ಬೊಂ ಎಂದಿತು. ಅತ್ಯಂತ ತಗ್ಗಿನ ತಂತಿಯ ಸ್ವರದ ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಅಲೆ ಗೋಡೆಗಳ ನಡುವೆ ಸಿಕ್ಕಿ, ಒಂದು ಕಡೆ ಗುಡುಗಿ ಇನ್ನೊಂದು ಕಡೆ ಸತ್ತುಹೋಗುತ್ತದೆ. ಹುಡುಗ ಉದ್ದದ ವೈರು ಹಾಕಿಕೊಂಡು ನುಡಿಸುತ್ತಲೇ ಕೋಣೆಯ ಕೊನೆಯವರೆಗೂ ನಡೆದು ಬಂದ. ಪೆಟ್ಟಿಗೆಯನ್ನು ಮೂಲೆಯಿಂದ ಎಳೆದು, ತಗ್ಗಿನ ಗುಂಡಿಯನ್ನು ಇಳಿಸಿದ.

ಕಾರ್ಯಕ್ರಮದಲ್ಲಿ ಜನರ ಕಣ್ಣೆಲ್ಲ ಹಾಡುಗಾರ್ತಿಯ ಮೇಲೆ, ಗಿಟಾರ್ ಹುಡುಗನ ಮೇಲೆ. ನಮ್ಮವನು ಹಿಂದೆ ಡ್ರಮ್ಮಿನ ಪಕ್ಕ ನಿಂತು, ಡ್ರಮ್ಮಿನವನ ಪಾದದ ಏಟಿಗೆ ಸರಿಯಾಗಿ ಸ್ವರ ಇಡುತ್ತಿದ್ದ. ಮನೆಯಲ್ಲಿ ಅಭ್ಯಾಸ ಮಾಡುವಾಗ ನುಡಿಸಿದ ಸ್ವರಗಳಲ್ಲಿ ಅರ್ಧವೂ ಇಲ್ಲಿ ಇರಲಿಲ್ಲ. ಒಂದು ಹಾಡಿನ ನಡುವೆ ಎರಡು ಆವರ್ತನ ಸುಮ್ಮನೆ ನಿಂತ. ಹಾಡು ಒಮ್ಮೆಲೇ ನೆಲ ಬಿಟ್ಟಂತಾಯಿತು. ಅವನು ಮರಳಿದಾಗ ಕುಳಿತವರ ಕಾಲುಗಳು ತಾವಾಗಿಯೇ ತಾಳ ಹಾಕತೊಡಗಿದವು. ಮೃದಂಗದ ಎಡಭಾಗವೂ ತಂಬೂರಿಯೂ ಸೇರಿ ಮಾಡುವ ಕೆಲಸವನ್ನು ಅವನೊಬ್ಬ ಮಾಡುತ್ತಿದ್ದ.

ಹಿಂದಿನ ಬೆಂಚಿನಲ್ಲಿ ಅಣ್ಣನೂ ಕುಳಿತಿದ್ದ. ನಾಲ್ವರಿಗೂ ಸಿಕ್ಕಿದ್ದು ತಲಾ ಐವತ್ತು ಡಾಲರ್. ಮನೆಗೆ ಬರುವಾಗ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: ‘ಆ ಬೆಸುಗೆ ಹಾಕೋದನ್ನ ಯಾರೋ ಹೇಳಿಕೊಟ್ರು?’ ‘ಯಾರೂ ಇಲ್ಲ ಅಪ್ಪ, ಕೆಟ್ಟ ವೈರುಗಳ ಮೇಲೆ ಕಲಿತೆ’ ಎಂದ ಮಗ.

ತಂದೆತಾಯಿಗಳಿಗೆ ಎರಡು ಮಾತು

ಹಾಗೆಂದು ಅಣ್ಣನ ಚಿಂತೆ ಸುಳ್ಳೆಂದು ನಾನು ಹೇಳಲಾರೆ. ಜೇಮರ್ಸನ್‌ರ ಹೆಸರು ವರ್ಷಗಟ್ಟಲೆ ಮೋಟೌನ್ ಧ್ವನಿಮುದ್ರಿಕೆಗಳ ಮೇಲೆ ಅಚ್ಚಾಗಲಿಲ್ಲ, ಅಚ್ಚಾದದ್ದು 1971ರಲ್ಲಿ. ಮರುವರ್ಷ ಸಂಸ್ಥೆ ಲಾಸ್ ಏಂಜಲೀಸ್‌ಗೆ ಹೋಯಿತು, ಅವರ ಕೆಲಸ ಕ್ರಮೇಣ ಬತ್ತಿತು. 1983ರಲ್ಲಿ ತೀರಿಕೊಂಡಾಗ ಅವರಿಗೆ 47 ವರ್ಷ. ಆ ಬೇಸ್ ಅದಕ್ಕೆ ಕೆಲವೇ ದಿನ ಮೊದಲು ಕಳುವಾಯಿತು. ಜಾಕೋ 1987ರಲ್ಲಿ, ಕೇವಲ 35ನೆಯ ವಯಸ್ಸಿನಲ್ಲಿ ಹೋದರು. ಇನ್ನೊಂದು ಕಡೆ ಲಾಸ್ ಏಂಜಲೀಸ್‌ನ ಕ್ಯಾರಲ್ ಕೇ ಎಂಬ ಗಿಟಾರ್ ವಾದಕಿ 1963ರಲ್ಲಿ, ಧ್ವನಿಮುದ್ರಣಕ್ಕೆ ಬೇಸ್ ನುಡಿಸುವವರು ಬಾರದೆ ಹೋದ ದಿನ ಬೇಸ್ ಕೈಗೆತ್ತಿಕೊಂಡರು. ಹೇಳಿದ ಹೊತ್ತಿಗೆ ಬಂದು, ಬೇಕಾದಷ್ಟನ್ನು ನುಡಿಸಿ, ಆ ದುಡಿಮೆಯಿಂದ ಮಕ್ಕಳನ್ನು ಸಾಕಿದರು. ಪ್ರತಿಭೆಯೊಂದೇ ಅನ್ನ ಹಾಕುವುದಿಲ್ಲ, ಶಿಸ್ತಿನ ಜೊತೆ ಸೇರಿದರೆ ಹಾಕಬಹುದು.

ಅಣ್ಣನ ಮನೆಯಲ್ಲಿ ಕೊನೆಗೆ ಆದ ಒಪ್ಪಂದ ಸರಳವಾದದ್ದು. ಪದವಿ ಮುಗಿಯುವವರೆಗೆ ಗಿಗ್ ಶನಿವಾರ ಮಾತ್ರ. ವಾದ್ಯದ ಖರ್ಚು ವಾದ್ಯದ ಗಳಿಕೆಯಿಂದಲೇ. ಮೂರನೆಯ ಷರತ್ತು ನನ್ನದು: ಕಿವಿಗೆ ರಕ್ಷಣೆಯ ಬಿರಟೆ. 85 ಡೆಸಿಬೆಲ್ ಶಬ್ದದಲ್ಲಿ ಎಂಟು ಗಂಟೆ ಇರಬಹುದೆಂದು ತಜ್ಞರ ಲೆಕ್ಕ. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. ನೂರು ಡೆಸಿಬೆಲ್‌ಗೆ ಸಿಗುವುದು ಕಾಲು ಗಂಟೆ. ವೇದಿಕೆಯ ಮೇಲೆ ಅಷ್ಟು ಶಬ್ದ ಸಾಮಾನ್ಯ. ತಂತಿ ತುಂಡಾದರೆ ಬದಲಿಸಬಹುದು, ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಲಿಯೋ ಫೆಂಡರ್ 1965ರಲ್ಲಿ ತಮ್ಮ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಮಾರಿದರು. ಸುಮ್ಮನೆ ಕುಳಿತು ಉಣ್ಣಬಹುದಿತ್ತು. ಆದರೆ 1991ರಲ್ಲಿ ಸಾಯುವ ಕಾಲಕ್ಕೂ ಇದೇ ಫುಲರ್ಟನ್‌ನಲ್ಲಿ ಇನ್ನೊಂದು ಕಾರ್ಖಾನೆಯ ಕೆಲಸದ ಮೇಜಿನ ಮುಂದಿದ್ದು, ಪಿಕಪ್, ಕುದುರೆಗಳನ್ನು ತಿದ್ದುತ್ತಲೇ ಇದ್ದರು. ಇನ್ನೂ ಚೆನ್ನಾಗಿ ಕೇಳಿಸಬಹುದು ಎಂಬುದೊಂದೇ ಅವರ ನಂಬಿಕೆ.

ಮಕ್ಕಳೇ, ಮುಂದಿನ ಸಲ ನಿಮ್ಮ ಬೀದಿಯಲ್ಲಿ ರಸಮಂಜರಿ ನಡೆದಾಗ ಹಾಡುವವರನ್ನು ಸ್ವಲ್ಪ ಹೊತ್ತು ಮರೆತು, ಹಿಂದೆ ನಾಲ್ಕು ತಂತಿಯ ವಾದ್ಯ ಹಿಡಿದು ನಿಂತವರ ಬೆರಳುಗಳನ್ನು ನೋಡಿ. ಅವರ ಸ್ವರವನ್ನಷ್ಟೇ ಹುಡುಕಿ, ಬಾಯಲ್ಲಿ ಗುನುಗಲು ಪ್ರಯತ್ನಿಸಿ. ಮೊದಲ ಸಲ ಕೈಗೆ ಸಿಗುವುದಿಲ್ಲ. ಸಿಕ್ಕಿದ ದಿನ ನೀವು ಅದುವರೆಗೆ ಸಾವಿರ ಸಲ ಕೇಳಿದ್ದ ಹಾಡು ಹೊಸದಾಗಿ ಕೇಳಿಸುತ್ತದೆ.